ಮ್ಯೂಟ್ ಮಾಡಿದರೆ ನೋಡಬಹುದು, ಸೌಂಡ್ ಹಾಕಿದರೆ ಎದೆ ಢವಢವ: ಯಾಕೆ ಹೀಗೆ?

ಪ್ರಶ್ನೆ: ಜನ ಅಪ್‌ಲೋಡ್ ಮಾಡುವ ವಿಡಿಯೋಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಪಘಾತ, ಹೊಡೆದಾಟ, ಪ್ರಾಣಿಹಿಂಸೆ ಎಲ್ಲ ಬರುತ್ತವೆ. ಸೌಂಡ್ ಇಲ್ಲದೆ ನೋಡಿದರೆ ಬೇಸರವಾಗುತ್ತೆ, ಆದರೂ ಕೆಲಸ ಸಾಗುತ್ತೆ. ಅದೇ ವಿಡಿಯೋಗೆ ಸೌಂಡ್ ಹಾಕಿದರೆ ಕೈ ಬೆವರುತ್ತೆ, ಎದೆ ಹೊಡೆದುಕೊಳ್ಳುತ್ತೆ, ಎಷ್ಟೋ ಹೊತ್ತಾದರೂ ಮೈ ಸಮಾಧಾನಕ್ಕೆ ಬರಲ್ಲ. ವಾಲ್ಯೂಮ್ ಕಡಿಮೆ ಮಾಡಿದರೂ ಕೆಲವು ಕೂಗುಗಳು ಹಾಗೇ ಚುಚ್ಚುತ್ತವೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ಕಷ್ಟ. ಪಕ್ಕದಲ್ಲಿ ಕೂತವರು ಆರಾಮಾಗಿ ನೋಡುತ್ತಾರೆ. ನಾನು ಜಾಸ್ತಿ ಸೂಕ್ಷ್ಮಾನಾ? ಇದಕ್ಕೆ ಏನಾದರೂ ಮಾಡಬಹುದಾ?

ಉತ್ತರ: ಸೂಕ್ಷ್ಮಾನಾ ಅಂತ ಕೇಳಿದಿರಲ್ಲ, ಮೊದಲು ಅದಕ್ಕೆ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ನೀವು ಗಮನಿಸಿರುವುದೂ ತುಂಬಾ ಸರಿಯಾಗಿದೆ. ಕೆಟ್ಟ ದೃಶ್ಯ ಕಣ್ಣ ಮುಂದೆ ಬಂದಾಗ ಅದು ಏನು, ಎಷ್ಟು ಕೆಟ್ಟದ್ದು ಅನ್ನುವುದನ್ನು ಹೆಚ್ಚಾಗಿ ಚಿತ್ರ ತಿಳಿಸುತ್ತದೆ. ಅದಕ್ಕೆ ಮೈ ಎಷ್ಟು ಬಿಗಿಯಾಗಬೇಕು, ಎದೆ ಎಷ್ಟು ಹೊಡೆದುಕೊಳ್ಳಬೇಕು ಅನ್ನುವುದನ್ನು ಬಹಳ ಸಲ ಸದ್ದು ತೀರ್ಮಾನ ಮಾಡುತ್ತದೆ. ಈ ಎರಡನ್ನು ಬೇರೆ ಬೇರೆ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಯ ಗಂಟು ಸಡಿಲವಾಗುತ್ತದೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನೆಲ್ಲ ಒಂದು ವೃತ್ತದಲ್ಲಿ ಜೋಡಿಸಿ ತೋರಿಸಿದರು. ಅದರ ಅಡ್ಡಗೆರೆ ಹಿತ-ಅಹಿತದ್ದು. ಮೇಲಿನಿಂದ ಕೆಳಗೆ ಬರುವ ಗೆರೆ ಉದ್ವೇಗದ್ದು, ಅಂದರೆ ದೇಹ ಎಷ್ಟು ಎಚ್ಚೆತ್ತುಕೊಂಡಿದೆ ಅನ್ನುವುದರದ್ದು. ಬೇಸರ, ದುಃಖ, ಗಾಬರಿ, ಭಯ ಎಲ್ಲವೂ ಅಹಿತದ ಕಡೆಗೇ ಬರುತ್ತವೆ. ಆದರೆ ಬೇಸರ ಕೆಳಗಿರುತ್ತದೆ, ಗಾಬರಿ ಮೇಲಿರುತ್ತದೆ. ಈಗ ನೀವು ಬರೆದದ್ದನ್ನೇ ನೋಡಿ. ಸೌಂಡ್ ಇಲ್ಲದಾಗ ಬೇಸರ, ಸೌಂಡ್ ಇದ್ದಾಗ ಬೆವರು ಮತ್ತು ಎದೆಬಡಿತ. ದೃಶ್ಯ ಬದಲಾಗಿಲ್ಲ, ಅದು ಕೆಟ್ಟದ್ದು ಅನ್ನುವ ನಿಮ್ಮ ಅಭಿಪ್ರಾಯವೂ ಬದಲಾಗಿಲ್ಲ. ಉದ್ವೇಗ ಮಾತ್ರ ಕೆಳಗಿಂದ ಮೇಲಕ್ಕೆ ಏರಿದೆ. ಹಾಗೆ ಏರಿಸಿದ್ದು ಸದ್ದು.

ಇದನ್ನು ಅಳೆಯುವ ದಾರಿಯೂ ಇದೆ. ಉದ್ವೇಗ ಏರಿದಾಗ ಅಂಗೈಯ ಬೆವರಿನ ಗ್ರಂಥಿಗಳು ಚುರುಕಾಗುತ್ತವೆ, ಚರ್ಮದಲ್ಲಿ ವಿದ್ಯುತ್ ಹರಿಯುವುದು ಸುಲಭವಾಗುತ್ತದೆ. ಬೆರಳಿಗೆ ಎರಡು ಎಲೆಕ್ಟ್ರೋಡ್ ಅಂಟಿಸಿದರೆ ಈ ಬದಲಾವಣೆ ಗೊತ್ತಾಗುತ್ತದೆ. ಮಾರ್ಗರೆಟ್ ಬ್ರಾಡ್ಲಿ ಮತ್ತು ಪೀಟರ್ ಲ್ಯಾಂಗ್ ಹಿತ-ಅಹಿತ ಚಿತ್ರಗಳ ಸಂಗ್ರಹ ಮಾಡಿದಂತೆಯೇ ಸದ್ದುಗಳ ಸಂಗ್ರಹವನ್ನೂ ಮಾಡಿದರು. ಚಿತ್ರವೇ ಇಲ್ಲದೆ ಬರೀ ಸದ್ದು ಕೇಳಿಸಿದರೂ ಜನರ ಮೈ ಚಿತ್ರ ನೋಡಿದಾಗಿನ ರೀತಿಯಲ್ಲೇ ಸ್ಪಂದಿಸುತ್ತದೆ ಅಂತ ಅವರು 2000ದಲ್ಲಿ ವರದಿ ಮಾಡಿದರು.

ಒಂದು ವಿಡಿಯೋವನ್ನು ಹತ್ತಿರದಿಂದ ನೋಡೋಣ. ಗಾಡಿಯೊಂದು ಜಾರುತ್ತಿದೆ. ಬ್ರೇಕ್ ಕಿರುಗುಟ್ಟುತ್ತದೆ, ಗಾಜು ಒಡೆಯುತ್ತದೆ, ಯಾರೋ ಚೀರುತ್ತಾರೆ. ಗಾಜು ಒಡೆದ ಸದ್ದು ದಿಢೀರ್ ಅಂತ, ಸಾಕಷ್ಟು ಜೋರಾಗಿ ಕಿವಿಗೆ ಬಿದ್ದರೆ 30ರಿಂದ 50 ಮಿಲಿಸೆಕೆಂಡ್ ಒಳಗೆ ನಿಮ್ಮ ಕಣ್ಣುರೆಪ್ಪೆಯ ಸ್ನಾಯು ಬಿಗಿಯುತ್ತದೆ. ಅದರ ಹಿಂದೆಯೇ ಕತ್ತು, ಭುಜ. ಇದು ಬೆಚ್ಚಿಬೀಳುವ ಪ್ರತಿವರ್ತನ. ಕಿವಿಯಿಂದ ಮಿದುಳಿನ ಕಾಂಡಕ್ಕೆ, ಅಲ್ಲಿಂದ ನೇರ ಸ್ನಾಯುಗಳಿಗೆ ಹೋಗುವ ತುಂಬಾ ಚಿಕ್ಕ ದಾರಿ ಇದರದ್ದು. ಇದೇನು ಅಂತ ಯೋಚಿಸುವ ಮಿದುಳು ತೀರ್ಮಾನ ಮಾಡುವ ಮೊದಲೇ ಕೆಲಸ ಮುಗಿದಿರುತ್ತದೆ. ಆದ್ದರಿಂದ "ಇದು ಬರೀ ವಿಡಿಯೋ" ಅಂತ ನಿಮಗೆ ನೀವೇ ಹೇಳಿಕೊಂಡರೂ ಆ ಕ್ಷಣಕ್ಕೆ ಅದು ಉಪಯೋಗಕ್ಕೆ ಬರಲ್ಲ.

ಅಷ್ಟರಲ್ಲಿ ಇನ್ನೊಂದು ದಾರಿಯಲ್ಲೂ ಸುದ್ದಿ ಹೊರಟಿರುತ್ತದೆ. ಸದ್ದಿನ ಮಾಹಿತಿ ಮಿದುಳಿನ ನಡುವೆ ಇರುವ ಥಾಲಮಸ್ ಅನ್ನುವ ಭಾಗದಿಂದ ಅಮಿಗ್ಡಲಾ ಅನ್ನುವ ಇನ್ನೊಂದು ಭಾಗಕ್ಕೆ ನೇರವಾಗಿಯೂ ಹೋಗಬಲ್ಲದು ಅಂತ ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಕೆಲಸದಿಂದ ತಿಳಿದುಬಂತು. ಅಪಾಯದ ಸುಳಿವು ಸಿಕ್ಕರೆ ಎದೆಬಡಿತ, ಉಸಿರು, ಬೆವರು ಎಲ್ಲಕ್ಕೂ ತಯಾರಾಗಿ ಅಂತ ಸೂಚನೆ ಕಳಿಸುವ ಜಾಲದಲ್ಲಿ ಅಮಿಗ್ಡಲಾಗೆ ದೊಡ್ಡ ಪಾತ್ರವಿದೆ. ಅಂಗೈಯ ಬೆವರು ಕಾಣಿಸುವುದು ಒಂದರಿಂದ ಮೂರು ಸೆಕೆಂಡ್ ತಡವಾಗಿ. ಅಂದರೆ ಕೈ ಒದ್ದೆಯಾಗಿದೆ ಅಂತ ನಿಮಗೆ ಗೊತ್ತಾಗುವ ಹೊತ್ತಿಗೆ ಅದಕ್ಕೆ ಕಾರಣವಾದ ಕ್ಷಣ ವಿಡಿಯೋದಲ್ಲಿ ದಾಟಿಹೋಗಿರುತ್ತದೆ.

ಇಲ್ಲಿ ಚಿತ್ರವೂ ಸುಮ್ಮನಿರುವುದಿಲ್ಲ. ಲ್ಯಾಂಗ್ ಮತ್ತು ಜೊತೆಯವರು 1990ರ ಹೊತ್ತಿಗೆ ತೋರಿಸಿದ್ದು ಇದು: ಹಿತವಾದ ಚಿತ್ರ ನೋಡುತ್ತಿರುವಾಗ ದಿಢೀರ್ ಸದ್ದು ಮಾಡಿದರೆ ರೆಪ್ಪೆ ಕಡಿಮೆ ಬಡಿಯುತ್ತದೆ, ಅಹಿತವಾದ ಚಿತ್ರ ನೋಡುತ್ತಿರುವಾಗ ಅದೇ ಸದ್ದಿಗೆ ಜೋರಾಗಿ ಬಡಿಯುತ್ತದೆ. ಕೆಟ್ಟ ಚಿತ್ರ ಮೈಯನ್ನು ಮೊದಲೇ ತುದಿಗಾಲಲ್ಲಿ ನಿಲ್ಲಿಸಿರುತ್ತದೆ. ಸದ್ದು ಬಂದು ತಾಗುವುದು ಅಂಥ ಮೈಗೆ. ಇನ್ನೊಂದು ವಿಷಯ. ಸದ್ದಿಲ್ಲದೆ ಅಹಿತವಾದ ಚಿತ್ರ ನೋಡಿದಾಗ ಎದೆಬಡಿತ ಮೊದಲು ಸ್ವಲ್ಪ ನಿಧಾನವಾಗುವುದೇ ಸಾಮಾನ್ಯ, ಏನಿದು ಅಂತ ದೇಹ ನಿಂತು ನೋಡುತ್ತದೆ. ಜೋರಾದ ದಿಢೀರ್ ಸದ್ದಿಗೆ ಎದೆಬಡಿತ ಏರುತ್ತದೆ. ಮ್ಯೂಟ್ ಇದ್ದಾಗ ನಿಮಗೆ ಒಂದು ಥರದ ಮಂಕು, ಸೌಂಡ್ ಇದ್ದಾಗ ಢವಢವ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬೇಕು.

ವಾಲ್ಯೂಮ್ ಕಡಿಮೆ ಮಾಡಿದರೂ ಕೆಲವು ಕೂಗು ಚುಚ್ಚುತ್ತವೆ ಅಂದಿರಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಸಾಲು ಅದು. ಜೋರು ಅನ್ನುವುದು ಸದ್ದಿನ ಒಂದು ಗುಣ ಅಷ್ಟೇ. ಚೀರಾಟದಲ್ಲಿ ಇನ್ನೊಂದು ಗುಣ ಇರುತ್ತದೆ, ಅದು ಒರಟುತನ. ಓಡುತ್ತಿರುವ ಟೇಬಲ್ ಫ್ಯಾನ್ ಮುಂದೆ ಬಾಯಿಟ್ಟು "ಆ" ಅಂದರೆ ದನಿ ಹೇಗೆ ಚೂರುಚೂರಾಗಿ ನಡುಗುತ್ತದೋ, ಅದೇ ರೀತಿ ಚೀರಾಟದ ಗಟ್ಟಿತನ ಸೆಕೆಂಡಿಗೆ ಹತ್ತಾರು ಸಲ ಏರಿಳಿಯುತ್ತದೆ. 2015ರಲ್ಲಿ ಲುಕ್ ಆರ್ನಲ್, ಡೇವಿಡ್ ಪೊಪೆಲ್ ಮತ್ತು ಜೊತೆಯವರು ಈ ಏರಿಳಿತವನ್ನು ಅಳೆದರು. ಸಾಮಾನ್ಯ ಮಾತಿನಲ್ಲಿ ಏರಿಳಿತ ನಿಧಾನ. ಮುಖ್ಯವಾದದ್ದು ಸೆಕೆಂಡಿಗೆ ನಾಲ್ಕೈದು ಸಲ, ಹೆಚ್ಚುಕಡಿಮೆ ಅಕ್ಷರಗಳ ಓಟದ ವೇಗ. ಚೀರಾಟದಲ್ಲಿ ಅದು 30ರಿಂದ 150 ಹರ್ಟ್ಜ್, ಅಂದರೆ ಸೆಕೆಂಡಿಗೆ 30ರಿಂದ 150 ಸಲ. ಮಾತಿಗೆ ಈ ಜಾಗ ಬೇಕಾಗಿಲ್ಲ. ಅಪಾಯದ ಸುದ್ದಿಗೆಂದೇ ಬಿಟ್ಟುಕೊಟ್ಟಂತೆ ಇದೆ. ನಾವು ತಯಾರಿಸಿದ ಅಲಾರಂಗಳೂ ಇದೇ ಜಾಗ ಹಿಡಿದಿವೆ. ಸದ್ದು ಒರಟಾದಷ್ಟೂ ಜನ ಅದನ್ನು ಹೆಚ್ಚು ಭಯಾನಕ ಅಂದರು, ಅಮಿಗ್ಡಲಾ ಕೂಡ ಹೆಚ್ಚು ಸ್ಪಂದಿಸಿತು.

ವಾಲ್ಯೂಮ್ ಇಳಿಸಿದರೆ ಇಡೀ ಸದ್ದು ಸಣ್ಣದಾಗುತ್ತದೆ. ಆದರೆ ನಡುಕದ ವೇಗ ಹಾಗೇ ಉಳಿಯುತ್ತದೆ. ಸಣ್ಣ ದನಿಯಲ್ಲಿ ಕೇಳಿದ ಚೀರಾಟ ಆಗಲೂ ಚೀರಾಟವೇ. ದೂರದ ಮನೆಯಿಂದ ಬಂದ ಕೂಗು ಎಷ್ಟೇ ಸಣ್ಣದಿರಲಿ, ನಾವು ಎದ್ದು ಕೂರುತ್ತೇವೆ, ಅಲ್ವಾ? ಕಿವಿ ಅಳೆಯುತ್ತಿರುವುದು ಬರೀ ಡೆಸಿಬೆಲ್ ಅಲ್ಲ.

ಸದ್ದು ಯಾವ ಕಂಪನದಲ್ಲಿ ಇದೆ, ಅಂದರೆ ಎಷ್ಟು ಕೀರಲು ಅಥವಾ ಎಷ್ಟು ತಗ್ಗು ಸ್ಥಾಯಿಯದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸುಖ್‌ಬಿಂದರ್ ಕುಮಾರ್ ಮತ್ತು ಜೊತೆಯವರು 2012ರಲ್ಲಿ 74 ಸದ್ದುಗಳನ್ನು ಕೇಳಿಸಿ ಯಾವುದು ಎಷ್ಟು ಅಸಹನೀಯ ಅಂತ ಕೇಳಿದರು. ಬಾಟಲಿಯ ಮೇಲೆ ಚಾಕು ಗೀಚುವ ಸದ್ದು ಎಲ್ಲಕ್ಕಿಂತ ಕೆಟ್ಟದ್ದು ಅಂತ ಬಂತು. 2000ದಿಂದ 5000 ಹರ್ಟ್ಜ್ ನಡುವೆ ಶಕ್ತಿ ತುಂಬಿರುವ ಸದ್ದುಗಳು ಒಟ್ಟಾರೆ ಕಿರಿಕಿರಿ ಜಾಸ್ತಿ ಮಾಡಿದವು. ನಮ್ಮ ಕಿವಿ ತುಂಬಾ ಚುರುಕಾಗಿರುವುದೂ ಹೆಚ್ಚುಕಡಿಮೆ ಅದೇ ವ್ಯಾಪ್ತಿಯಲ್ಲಿ.

ಸದ್ದು ಹತ್ತಿರ ಬರುತ್ತಿದೆಯಾ, ದೂರ ಹೋಗುತ್ತಿದೆಯಾ ಅನ್ನುವುದು ಇನ್ನೊಂದು. ಜಾನ್ ನ್ಯೂಹಾಫ್ 1998ರಲ್ಲಿ ಒಂದು ವಿಚಿತ್ರ ಪಕ್ಷಪಾತ ತೋರಿಸಿದರು. ಸದ್ದು ಒಂದೇ ಪ್ರಮಾಣದಲ್ಲಿ ಏರಿದರೂ ಇಳಿದರೂ, ಏರಿದ್ದೇ ಜಾಸ್ತಿ ಬದಲಾಯಿತು ಅಂತ ಜನ ಹೇಳುತ್ತಾರೆ. ರೀಸಸ್ ಮಂಗಗಳು ಕೂಡ ಏರುವ ಸದ್ದಿನ ಕಡೆಗೇ ಹೆಚ್ಚು ಹೊತ್ತು ತಿರುಗಿ ನೋಡಿದವು. ಏರುವ ಸದ್ದು ಅಂದರೆ ಏನೋ ನಮ್ಮತ್ತ ಬರುತ್ತಿದೆ ಅಂತ ದೇಹದ ಲೆಕ್ಕ. ಓಡಿ ಬರುವ ಹೆಜ್ಜೆ, ಹತ್ತಿರವಾಗುವ ಎಂಜಿನ್, ಕ್ಯಾಮೆರಾ ಹಿಡಿದವರ ಕಡೆಗೇ ಬರುತ್ತಿರುವ ಕೂಗು ಇರುವ ವಿಡಿಯೋಗಳು ನಿಮ್ಮನ್ನು ಜಾಸ್ತಿ ಕಾಡುತ್ತವೆಯಾ ಅಂತ ಗಮನಿಸಿ ನೋಡಿ. ಕಾಡುತ್ತವೆ ಅಂತಲೇ ನನ್ನ ಊಹೆ.

ಈಗ ಚಿತ್ರ ಮತ್ತು ಸದ್ದು ಜೊತೆಗೂಡುವ ವಿಷಯ. ಮಧ್ಯಮಿದುಳಿನಲ್ಲಿ ಕಣ್ಣು ಮತ್ತು ಕಿವಿ ಎರಡರ ಸುದ್ದಿಯನ್ನೂ ತೆಗೆದುಕೊಳ್ಳುವ ನರಕೋಶಗಳಿವೆ. ಬ್ಯಾರಿ ಸ್ಟೈನ್ ಮತ್ತು ಅಲೆಕ್ಸ್ ಮೆರೆಡಿತ್ 1980ರ ದಶಕದಲ್ಲಿ ಇವುಗಳನ್ನು ಬೆಕ್ಕುಗಳಲ್ಲಿ ಅಧ್ಯಯನ ಮಾಡಿದರು. ಬೆಳಕು ಮತ್ತು ಸದ್ದು ಒಂದೇ ಜಾಗದಿಂದ ಒಂದೇ ಸಮಯಕ್ಕೆ ಬಂದರೆ, ಎರಡನ್ನು ಬೇರೆ ಬೇರೆ ಕೊಟ್ಟು ಕೂಡಿಸಿದ್ದಕ್ಕಿಂತಲೂ ಜಾಸ್ತಿ ಉತ್ತರ ಕೆಲವು ಕೋಶಗಳಿಂದ ಬರುತ್ತಿತ್ತು. ಅದರಲ್ಲೂ ಬೆಳಕು ಮತ್ತು ಸದ್ದು ದುರ್ಬಲವಾಗಿದ್ದಾಗ ಈ ಲಾಭ ಹೆಚ್ಚು. ಇದು ಒಂದೊಂದು ಕೋಶದ ಮಟ್ಟದ ಮಾತು, ಭಾವನೆಗೆ ನೇರವಾಗಿ ಹೊಲಿದುಬಿಡುವಂತಿಲ್ಲ. ಆದರೂ ಚಿತ್ರವನ್ನು ಮಸುಕು ಮಾಡಿ ಸೌಂಡ್ ಹಾಗೇ ಬಿಟ್ಟರೆ ಕೆಲಸ ಪೂರ್ತಿ ಹಗುರವಾಗುತ್ತದೆ ಅಂತ ನಂಬಬೇಡಿ. ಮಸುಕಾದ ಚಿತ್ರದ ಖಾಲಿ ಜಾಗವನ್ನು ಸದ್ದು ತುಂಬಬಹುದು.

ಮನುಷ್ಯರ ಮೇಲಿನ ಪ್ರಯೋಗಗಳೂ ಅದೇ ಕಡೆಗೆ ಕೈ ತೋರಿಸುತ್ತವೆ. ಥಾಮಸ್ ಬೌಮ್‌ಗಾರ್ಟ್ನರ್ ಮತ್ತು ಜೊತೆಯವರು 2006ರಲ್ಲಿ ಭಯ, ದುಃಖ, ಸಂತೋಷದ ಚಿತ್ರಗಳನ್ನು ಅದಕ್ಕೆ ಹೊಂದುವ ಸಂಗೀತದ ಜೊತೆ ತೋರಿಸಿದರು. ಎರಡೂ ಒಟ್ಟಿಗೆ ಇದ್ದಾಗ ಜನರಿಗಾದ ಅನುಭವ ಬರೀ ಚಿತ್ರ ನೋಡಿದಾಗಿನದಕ್ಕಿಂತ ಗಾಢವಾಗಿತ್ತು.

ಆದರೆ ಸದ್ದು ಯಾವಾಗಲೂ ಗೆಲ್ಲುತ್ತದೆ ಅಂತ ತಿಳಿಯಬೇಡಿ. ಇಲ್ಲಿ ನನಗೆ ಬಹಳ ಇಷ್ಟವಾದ ಮೂರು ಪ್ರಯೋಗಗಳಿವೆ, ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಮೊದಲನೆಯದು ಮೈಕಲ್ ಓಲರ್ ಮತ್ತು ಕ್ರಿಸ್ಟೋಫ್ ರಾಯ್ಟರ್ 2011ರಲ್ಲಿ ಹೇಳಿದ್ದು. ಕಪ್ಪು ಹಲಗೆಯ ಮೇಲೆ ಉಗುರು ಗೀಚುವ ಸದ್ದನ್ನು ಕೆಲವರಿಗೆ ಅದರ ನಿಜ ಹೇಳಿ ಕೇಳಿಸಿದರು, ಕೆಲವರಿಗೆ ಇದು ಆಧುನಿಕ ಸಂಗೀತದ ತುಣುಕು ಅಂದರು. ಸಂಗೀತ ಅಂದುಕೊಂಡವರು ಅಷ್ಟೇನೂ ಕೆಟ್ಟದಾಗಿಲ್ಲ ಅಂದರು. ಆದರೆ ಅವರ ಚರ್ಮದ ಪ್ರತಿಕ್ರಿಯೆ ಉಳಿದವರ ಹಾಗೇ ಇತ್ತು. ಬಾಯಿ ಒಪ್ಪಿಕೊಂಡಿತು, ಮೈ ಒಪ್ಪಲಿಲ್ಲ.

ಎರಡನೆಯದು ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಜೊತೆಯವರು 2012ರಲ್ಲಿ ಮಾಡಿದ್ದು. ಪ್ರಾಣಿಗಳ ಭಯದ ಕೂಗಿನಲ್ಲಿ ಇರುವಂಥ ಒಡಕನ್ನು ಸಂಗೀತದ ತುಣುಕುಗಳ ನಡುವೆ ಸೇರಿಸಿದರು. ಬರೀ ಕೇಳಿದವರು ಇದು ಅಹಿತ, ಉದ್ವೇಗವೂ ಜಾಸ್ತಿ ಅಂದರು. ಅದೇ ಸಂಗೀತವನ್ನು ಏನೂ ನಡೆಯದ ಸಾದಾ ದೃಶ್ಯದ ಜೊತೆ ಕೊಟ್ಟಾಗ ಅಹಿತ ಅನ್ನುವುದು ಉಳಿಯಿತು, ಆದರೆ ಉದ್ವೇಗ ಏರಿಸುವ ಪ್ರಭಾವ ತಗ್ಗಿತು. ಅಪಾಯ ಏನೂ ಇಲ್ಲ ಅಂತ ಕಣ್ಣು ಸಾಕ್ಷಿ ಹೇಳಿದರೆ ಉದ್ವೇಗ ಅಷ್ಟು ಏರುವುದಿಲ್ಲ ಅಂತ ನಾನು ಇದನ್ನು ಓದುತ್ತೇನೆ.

ಮೂರನೆಯದು 2019ರ ಒಂದು ಪ್ರಯೋಗ. ಅಸಹನೀಯ ಸದ್ದಿಗೆ ಸರಿಯಾಗಿ ಹೊಂದುವ ಬೇರೊಂದು ದೃಶ್ಯವನ್ನು, ಈ ಸದ್ದು ಇದರಿಂದಲೇ ಬಂತು ಅನ್ನಿಸುವ ಹಾಗೆ ಜೋಡಿಸಿ ತೋರಿಸಿದರು. ಆಗ ಜನರಿಗೆ ಕಿರಿಕಿರಿ ಕಡಿಮೆಯಾಯಿತು, ಮೈಯಲ್ಲಿ ಆಗುವ ಮುಜುಗರವೂ ತಗ್ಗಿತು ಅಂದರು.

ಹೆಸರು ಬದಲಿಸಿ ಹೇಳಿದರೆ ಸಾಲದು, ಕಣ್ಣಿಗೆ ಬೇರೆ ಸಾಕ್ಷಿ ಸಿಕ್ಕರೆ ಕೆಲಸ ಆಗುತ್ತದೆ ಅನ್ನುವುದು ಈ ಮೂರರಿಂದ ನನಗೆ ತಿಳಿಯುವುದು. ನಿಮ್ಮ ಕೆಲಸದ ತೊಂದರೆ ಇರುವುದೂ ಇಲ್ಲೇ. ನಿಮ್ಮ ವಿಡಿಯೋಗಳಲ್ಲಿ ಕಣ್ಣು ಮತ್ತು ಕಿವಿ ಎರಡೂ ಒಂದೇ ಕೆಟ್ಟ ಸಾಕ್ಷಿ ಹೇಳುತ್ತವೆ, ಅದೂ ಒಂದೇ ಕ್ಷಣಕ್ಕೆ. ಸಮಾಧಾನ ಹೇಳುವುದಕ್ಕೆ ಯಾವ ಇಂದ್ರಿಯವೂ ಉಳಿದಿರುವುದಿಲ್ಲ.

ಕಣ್ಣು ಮುಚ್ಚಿಕೊಂಡರೆ ಯಾಕೆ ಇನ್ನೂ ಕಷ್ಟ ಅನ್ನುವುದಕ್ಕೂ ಇದು ಹತ್ತಿರದ ವಿಷಯ. 2009ರಲ್ಲಿ ಯೂಲಿಯಾ ಲರ್ನರ್, ತಲ್ಮಾ ಹೆಂಡ್ಲರ್ ಮತ್ತು ಜೊತೆಯವರು ಭಯ ಹುಟ್ಟಿಸುವ ಸಂಗೀತವನ್ನು ಕಣ್ಣು ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಕೇಳಿಸಿದರು. ಕಣ್ಣು ಮುಚ್ಚಿದಾಗ ಭಾವನೆ ಜಾಸ್ತಿಯಾಯಿತು, ಅಮಿಗ್ಡಲಾ ಕೂಡ ಹೆಚ್ಚು ಚುರುಕಾಯಿತು. ಭಯವಾದಾಗ ಕಣ್ಣು ಮುಚ್ಚಿಕೊಳ್ಳುವುದು ನಮ್ಮ ಸಹಜ ಅಭ್ಯಾಸ. ಸದ್ದಿನ ವಿಷಯದಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಸಹಿಸಲು ಆಗದ ಜಾಗ ಬಂದರೆ ಕಣ್ಣಲ್ಲ, ಸೌಂಡ್ ಮುಚ್ಚಿ. ಕಣ್ಣನ್ನು ತೆರೆದಿಟ್ಟು ಕೋಣೆಯಲ್ಲಿರುವ ಯಾವುದಾದರೂ ವಸ್ತುವಿನ ಮೇಲೆ ಇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸದ್ದಿನ ಒಳಗಿನ ಗುಣ. ಇನ್ನೊಂದು ದೊಡ್ಡ ಸಂಗತಿ ಸದ್ದಿನ ಹೊರಗೇ ಇದೆ: ಅದು ಯಾವಾಗ ಬರುತ್ತದೆ ಅಂತ ನಿಮಗೆ ಗೊತ್ತಾ, ಅದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿ ಇದೆಯಾ? ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1960ರ ದಶಕದ ಕೊನೆಯಲ್ಲಿ ಜನರಿಗೆ 108 ಡೆಸಿಬೆಲ್‌ನಷ್ಟು ಜೋರಾದ ಗದ್ದಲ ಕೇಳಿಸಿದರು. ಕೆಲವರಿಗೆ ಅದು ನಿಗದಿತ ಸಮಯಕ್ಕೆ ಬರುತ್ತಿತ್ತು, ಕೆಲವರಿಗೆ ಯಾವಾಗ ಬೇಕಾದರೂ. ಒಂದು ಗುಂಪಿಗೆ ಗುಂಡಿಯೊಂದನ್ನು ತೋರಿಸಿ, ತೀರಾ ಆಗದಿದ್ದರೆ ಒತ್ತಿ, ಗದ್ದಲ ನಿಲ್ಲುತ್ತದೆ, ಆದರೆ ಒತ್ತದೇ ಇದ್ದರೆ ನಮಗೆ ಒಳ್ಳೇದು ಅಂದರು. ಹೆಚ್ಚಿನವರು ಒತ್ತಲೇ ಇಲ್ಲ. ಗದ್ದಲ ಎಲ್ಲರಿಗೂ ಅಷ್ಟೇ ಬಿತ್ತು. ಆಮೇಲೆ ಬಿಡಿಸಲಾಗದ ಒಗಟುಗಳನ್ನು ಕೊಟ್ಟಾಗ ಗುಂಡಿ ಇದ್ದವರು ಬೇಗ ಕೈಚೆಲ್ಲಲಿಲ್ಲ. ಗುಂಡಿ ಇಲ್ಲದವರು ಬೇಗ ಬಿಟ್ಟರು, ತಪ್ಪು ತಿದ್ದುವ ಕೆಲಸದಲ್ಲೂ ಜಾಸ್ತಿ ಎಡವಿದರು. ಒತ್ತದ ಗುಂಡಿಯೂ ರಕ್ಷಣೆ ಕೊಟ್ಟಿತು. ನೀವು ಮಾಡಬಹುದಾದ ಬದಲಾವಣೆಗಳಿಗೆ ನಾನು ಆಧಾರ ಮಾಡಿಕೊಳ್ಳುವುದು ಇದನ್ನೇ.

ಹಾಗಾದರೆ ಏನು ಮಾಡಬಹುದು? ಪ್ರತಿ ವಿಡಿಯೋವನ್ನೂ ಮೊದಲ ಸಲ ಮ್ಯೂಟ್‌ನಲ್ಲೇ ನೋಡಿ. ಈ ಕ್ರಮ ತಪ್ಪಿಸಬೇಡಿ. ಸದ್ದಿನ ಸುಳಿವಿರುವ ಮೂಕ ದೃಶ್ಯ ನೋಡಿದರೂ ಮಿದುಳಿನ ಕೇಳುವ ಭಾಗ ಚುರುಕಾಗುತ್ತದೆ. ಬರೀ ತುಟಿ ಚಲನೆ ನೋಡಿದಾಗಲೂ ಹೀಗಾಗುತ್ತದೆ ಅಂತ 1997ರಲ್ಲೇ ಗೊತ್ತಾಗಿತ್ತು. ಆದ್ದರಿಂದ ಒಮ್ಮೆ ಸೌಂಡ್ ಜೊತೆ ನೋಡಿ ಆಮೇಲೆ ಮ್ಯೂಟ್ ಮಾಡಿದರೆ ತಲೆಯೊಳಗೆ ಆ ಕೂಗು ಪೂರ್ತಿ ನಿಲ್ಲದೆ ಇರಬಹುದು. ಮೊದಲು ಮ್ಯೂಟ್‌ನಲ್ಲಿ ನೋಡಿದ್ದರೆ ಯಾವ ಜಾಗದಲ್ಲಿ ಏನು ಬರುತ್ತದೆ ಅಂತ ಮೈಗೆ ಗೊತ್ತಿರುತ್ತದೆ. ಆಮೇಲೆ ಸೌಂಡ್ ಬೇಕಾದರೆ, ಬೇಕಾದ ತುಣುಕಿಗೆ ಮಾತ್ರ ಹಾಕಿ. ಆ ಹೊತ್ತಿಗೆ ಚಿತ್ರವನ್ನು ಚಿಕ್ಕದು ಮಾಡಿ ಅಥವಾ ಬೇರೆ ಕಡೆ ನೋಡಿ. ಚಿತ್ರ ಒಮ್ಮೆ, ಸದ್ದು ಒಮ್ಮೆ. ಎರಡು ಒಟ್ಟಿಗೆ ಬರದ ಹಾಗೆ ನೋಡಿಕೊಳ್ಳುವುದೇ ಇದರ ಗುಟ್ಟು. ಹಿಂಸೆಯ ದೃಶ್ಯಗಳ ಜೊತೆ ಕೆಲಸ ಮಾಡುವ ಪತ್ರಕರ್ತರಿಗೆ ಡಾರ್ಟ್ ಸೆಂಟರ್ ಅನ್ನುವ ಸಂಸ್ಥೆ ಕೊಡುವ ಸಲಹೆಯೂ ಇದಕ್ಕೆ ಹತ್ತಿರ: ಸ್ಕ್ರೀನ್ ಮೇಲಿನ ವಿಡಿಯೋ ವಿಂಡೋ ಚಿಕ್ಕದು ಮಾಡಿ, ಸಾಧ್ಯವಾದಾಗ ಸೌಂಡ್ ಆಫ್ ಮಾಡಿ.

ಮಾತು ಗೊತ್ತಾಗಬೇಕು ಅಷ್ಟೇ ಅಂದರೆ ಸದ್ದಿಗಿಂತ ಅಕ್ಷರ ಒಳ್ಳೇದು. ಮಾತನ್ನು ತಾನಾಗಿ ಬರಹ ಮಾಡುವ ಸೌಲಭ್ಯ ಇದ್ದರೆ ಮೊದಲು ಅದನ್ನು ಓದಿ. ಕೇಳಲೇಬೇಕಾದಾಗ ಹೆಡ್‌ಫೋನ್ ಬದಲು ಸ್ಪೀಕರ್ ಬಳಸಿ. ಹೆಡ್‌ಫೋನ್‌ನಲ್ಲಿ ದನಿ ತಲೆಯೊಳಗೇ ಕೇಳಿದ ಹಾಗಿರುತ್ತದೆ, ಮಾತಾಡಿದವರು ಹತ್ತಿರದವರು ಅನ್ನಿಸುತ್ತದೆ ಅಂತ 2022ರ ಒಂದು ಅಧ್ಯಯನ ಹೇಳಿದೆ. ನೋವಿನಲ್ಲಿ ಕೂಗುವ ಅಪರಿಚಿತರ ದನಿ ಅಷ್ಟು ಹತ್ತಿರ ಬರುವುದು ನಿಮಗೆ ಬೇಕಾಗಿಲ್ಲ. ಆಫೀಸಲ್ಲಿ ಹೆಡ್‌ಫೋನ್ ಹಾಕಲೇಬೇಕು ಅಂದರೆ ಒಂದೇ ಕಿವಿಗೆ ಇಟ್ಟುಕೊಳ್ಳಿ. ಈಕ್ವಲೈಜರ್, ಅಂದರೆ ಸದ್ದಿನ ಬೇರೆ ಬೇರೆ ಕಂಪನದ ಭಾಗಗಳನ್ನು ಏರಿಸಿ ಇಳಿಸುವ ಸೌಲಭ್ಯ, ಇದ್ದರೆ 2000ದಿಂದ 5000 ಹರ್ಟ್ಜ್ ಭಾಗವನ್ನು ತಗ್ಗಿಸಿ ನೋಡಬಹುದು, ಚುಚ್ಚುವುದು ಸ್ವಲ್ಪ ಕಡಿಮೆಯಾದೀತು. ಆದರೆ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲೇ, ಮಾತು ಮಂಕಾಗುತ್ತದೆ. ಒರಟು ನಡುಕವಂತೂ ಇದರಿಂದ ಹೋಗುವುದಿಲ್ಲ.

ಬೆರಳನ್ನು ಯಾವಾಗಲೂ ಮ್ಯೂಟ್ ಕೀ ಮೇಲೆ ಇಟ್ಟುಕೊಳ್ಳಿ. ಒತ್ತಬೇಕು ಅಂತಿಲ್ಲ, ಒತ್ತಬಹುದು ಅಂತ ಗೊತ್ತಿದ್ದರೆ ಸಾಕು. ಹಲ್ಲಿನ ಚಿಕಿತ್ಸೆಯಲ್ಲಿ ಇದರ ಒಂದು ಹಳೆಯ ಉದಾಹರಣೆ ಇದೆ. 1960ರ ಹೊತ್ತಿಗೆ ವ್ಯಾಲೇಸ್ ಗಾರ್ಡ್ನರ್ ಅನ್ನುವ ದಂತವೈದ್ಯರು ಮನಶ್ಶಾಸ್ತ್ರಜ್ಞ ಜೆ. ಸಿ. ಆರ್. ಲಿಕ್‌ಲೈಡರ್ ಜೊತೆ ಸೇರಿ ರೋಗಿಗಳ ಕಿವಿಗೆ ಹೆಡ್‌ಫೋನ್ ಹಾಕಿ, ಸಂಗೀತ ಮತ್ತು ಜಲಪಾತದಂಥ ಸದ್ದು ಕೇಳಿಸಿ, ಅದರ ನಿಯಂತ್ರಣವನ್ನು ರೋಗಿಯ ಕೈಗೇ ಕೊಟ್ಟರು. ಎಷ್ಟೋ ಜನಕ್ಕೆ ನೋವು ಕಡಿಮೆಯಾಯಿತು. ಆದರೆ 1963ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಜೊತೆಯವರು ಪರೀಕ್ಷಿಸಿದಾಗ, ಇದು ನೋವು ಕಡಿಮೆ ಮಾಡುತ್ತದೆ ಅನ್ನುವ ಭರವಸೆಯ ಮಾತಿಲ್ಲದೆ ಬರೀ ಸದ್ದು ಅಷ್ಟು ಕೆಲಸ ಮಾಡಲಿಲ್ಲ. ಹಾಗಂತ ಹಿತವಾದ ಸದ್ದನ್ನು ತಳ್ಳಿಹಾಕಬೇಡಿ. 70ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಮಾಡಿದ 2015ರ ಒಂದು ವಿಶ್ಲೇಷಣೆಯಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಸಂಗೀತ ಕೇಳಿಸಿದರೆ ನೋವು ಮತ್ತು ಆತಂಕ ಎರಡೂ ತಗ್ಗುತ್ತವೆ ಅಂತ ಕಂಡಿದೆ.

ವಿಡಿಯೋ ನೋಡುವಾಗ ಹಿನ್ನೆಲೆಯಲ್ಲಿ ತಮ್ಮ ಮೆಚ್ಚಿನ ಹಾಡು ಹಾಕಿಕೊಳ್ಳಬಹುದಾ ಅಂತ ಇಂಥ ಕೆಲಸ ಮಾಡುವವರು ಕೇಳುತ್ತಿರುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೆಟ್ಟ ದೃಶ್ಯದ ಜೊತೆ ಮತ್ತೆ ಮತ್ತೆ ಕೇಳಿದ ಹಾಡಿಗೆ ಆ ದೃಶ್ಯ ಅಂಟಿಕೊಳ್ಳಬಹುದು, ಆಮೇಲೆ ಆ ಹಾಡು ನಿಮ್ಮ ಕೈತಪ್ಪುತ್ತದೆ. ಸಂಗೀತವನ್ನು ಬಿಡುವಿಗೆ ಉಳಿಸಿಕೊಳ್ಳಿ. ಬಿಡುವಿನಲ್ಲೂ ಮೌನಕ್ಕೆ ಒಂದಿಷ್ಟು ಜಾಗ ಕೊಡಿ. ಲೂಸಿಯಾನೊ ಬರ್ನಾರ್ಡಿ ಮತ್ತು ಜೊತೆಯವರು 2006ರಲ್ಲಿ ಸಂಗೀತದ ತುಣುಕುಗಳ ನಡುವೆ ಎರಡು ನಿಮಿಷ ಮೌನ ಇಟ್ಟಾಗ ಎದೆಬಡಿತ, ರಕ್ತದೊತ್ತಡ, ಉಸಿರು ಮೂರೂ ಇಳಿದವು, ಶುರುವಿಗಿಂತಲೂ ಕೆಳಗೆ ಹೋದವು. ಹಿತವಾದ ಸಂಗೀತಕ್ಕಿಂತ ಅದರ ನಂತರದ ಮೌನ ಹೆಚ್ಚು ಕೆಲಸ ಮಾಡಿತ್ತು.

ತುಂಬಾ ಹೊತ್ತು ಮೈ ಸಮಾಧಾನಕ್ಕೆ ಬರಲ್ಲ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಎದೆಬಡಿತ ಬೇಗ ಇಳಿದರೂ ಕಾರ್ಟಿಸಾಲ್ ಅನ್ನುವ ಹಾರ್ಮೋನು ಗರಿಷ್ಠ ಮುಟ್ಟುವುದೇ ಒತ್ತಡ ಶುರುವಾಗಿ 20-30 ನಿಮಿಷಕ್ಕೆ. ಅಷ್ಟರೊಳಗೆ ಇನ್ನೊಂದು ವಿಡಿಯೋ ಬಂದರೆ, ಮೊದಲಿನದು ಇಳಿಯುವ ಮುಂಚೆಯೇ ಎರಡನೆಯದು ಸೇರಿಕೊಳ್ಳುತ್ತದೆ. ಉಳಿದುಕೊಂಡ ಉದ್ವೇಗ ಮುಂದಿನ, ಸಂಬಂಧವೇ ಇಲ್ಲದ ಸಂಗತಿಯ ಮೇಲೆ ಸುರಿಯುತ್ತದೆ ಅಂತ ಡಾಲ್ಫ್ ಜಿಲ್‌ಮನ್ 1970ರ ದಶಕದಲ್ಲೇ ತೋರಿಸಿದ್ದಾರೆ. ಕೆಲಸ ಮುಗಿಸಿ ಮನೆಗೆ ಹೋಗಿ ಸಣ್ಣ ವಿಷಯಕ್ಕೆ ಸಿಡುಕಿದರೆ ಮನೆಯವರ ಮೇಲೆ ಸಿಟ್ಟಿದೆ ಅಂತ ಅರ್ಥ ಅಲ್ಲ. ಕಷ್ಟದ ವಿಡಿಯೋಗಳನ್ನು ಸಾಲಾಗಿ ನೋಡಬೇಡಿ, ನಡುವೆ ಹಗುರವಾದದ್ದನ್ನು ಹಾಕಿಕೊಳ್ಳಿ. ದಿನದ ಕೊನೆಯ ವಿಡಿಯೋ ಸೌಂಡ್ ಇಲ್ಲದ್ದಾಗಿರಲಿ.

ಪಕ್ಕದವರು ಆರಾಮಾಗಿದ್ದಾರೆ ಅನ್ನುವುದನ್ನು ಅಷ್ಟು ನಂಬಬೇಡಿ. ಅವರ ಅಂಗೈ ನಿಮಗೆ ಕಾಣುವುದಿಲ್ಲ. ಬೆಚ್ಚುವ ಪ್ರಮಾಣ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ನಿದ್ದೆಗೆಟ್ಟ ದಿನ ಇನ್ನೂ ಬೇರೆ. ಅವರು ಮೊದಲೇ ಮ್ಯೂಟ್ ಮಾಡಿಕೊಂಡೇ ನೋಡುತ್ತಿರಲೂಬಹುದು, ಒಮ್ಮೆ ಕೇಳಿ ನೋಡಿ.

ಕೆಲವು ಲಕ್ಷಣಗಳನ್ನು ಮಾತ್ರ ತಜ್ಞರಿಗೆ ತೋರಿಸಬೇಕು. ಕೇಳಿದ ಕೂಗು ಕೆಲಸವಿಲ್ಲದ ಹೊತ್ತಿನಲ್ಲೂ ತಾನಾಗಿ ಕಿವಿಯಲ್ಲಿ ಮರುಕಳಿಸುವುದು, ಬಾಗಿಲು ಬಡಿದರೂ ಪಾತ್ರೆ ಬಿದ್ದರೂ ಮೈಯೆಲ್ಲ ನಡುಗುವುದು, ನಿದ್ದೆ ಕೆಡುವುದು, ಸದ್ದಿರುವ ಜಾಗಕ್ಕೆ ಹೋಗುವುದನ್ನೇ ಬಿಡುವುದು. ಇವು ತಿಂಗಳು ಕಳೆದರೂ ಹೋಗದಿದ್ದರೆ ಮನೋವೈದ್ಯರನ್ನು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನು ನೋಡಿ. "ನಾನು ನೋಡಿದ್ದು ಬರೀ ಸ್ಕ್ರೀನ್ ಮೇಲೆ" ಅಂತ ಹಿಂಜರಿಯಬೇಡಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯೇ, ಕೆಲಸದ ಭಾಗವಾಗಿ ಇಂಥ ದೃಶ್ಯಗಳನ್ನು ಪದೇ ಪದೇ ನೋಡಬೇಕಾದವರಿಗೂ ಆಘಾತದ ನಂತರದ ಒತ್ತಡದ ಕಾಯಿಲೆ ಬರಬಹುದು ಅಂತ ಒಪ್ಪಿಕೊಂಡಿದೆ.

ನಿಮ್ಮ ಮೇಲಿನವರ ಹತ್ತಿರ ಒಂದು ವಿಷಯ ಕೇಳಿ. ಪರಿಶೀಲನೆಯ ಸಾಫ್ಟ್‌ವೇರ್‌ನಲ್ಲಿ ಪ್ರತಿ ವಿಡಿಯೋ ಮ್ಯೂಟ್ ಆಗಿಯೇ ತೆರೆದುಕೊಳ್ಳುವ ಹಾಗೆ, ಸೌಂಡ್ ಹಾಕಿದಾಗ ದಿಢೀರ್ ಅಂತ ಬರದೆ ನಿಧಾನವಾಗಿ ಏರುವ ಹಾಗೆ, ಒಂದು ಮಿತಿ ದಾಟದ ಹಾಗೆ ಮಾಡಿಸಿಕೊಡಿ ಅಂತ ಹೇಳಿ. ಇದು ಮಾಡಲು ಕಷ್ಟದ ಬದಲಾವಣೆಯಲ್ಲ, ಖರ್ಚೂ ಅಷ್ಟಾಗದು. ನಿಮ್ಮೊಬ್ಬರಿಗೆ ಅಂತ ಕೇಳಬೇಡಿ, ಇಡೀ ತಂಡಕ್ಕೆ ಅಂತ ಕೇಳಿ. ಯಾವ ಥರದ ಸದ್ದು ಇದೆ ಅಂತ, ಚೀರಾಟ, ಗುಂಡಿನ ಸದ್ದು, ಮಗುವಿನ ಅಳು ಹೀಗೆ, ವಿಡಿಯೋ ತೆರೆಯುವ ಮೊದಲೇ ಒಂದು ಸಾಲಿನ ಸೂಚನೆ ಕಾಣುವ ಹಾಗೆ ಮಾಡಿದರೆ ಇನ್ನೂ ಒಳ್ಳೇದು.